ಜಾರ್ಜಿಯನ್ ಸಾಲುಮನೆ ಸೋರುತ್ತಿದೆಯಾ, ಉಬ್ಬುತ್ತಿದೆಯಾ? ದೋಷ ಹುಡುಕುವ ಕೈಪಿಡಿ

ಮೇಲಿನ ಮಹಡಿಯ ಗೋಡೆಯಲ್ಲಿ ಕಂದು ಕಲೆ ಕಂಡಿತಾ? ಪೇಂಟ್ ಡಬ್ಬಿ ಮುಚ್ಚಿಡಿ. ನೆಲಮಾಳಿಗೆಯ ಗೋಡೆ ಒದ್ದೆಯಾಗಿದೆಯಾ? ಶೀತ ತಡೆಯೋಕೆ ಅಂತ ಗೋಡೆಗೆ ಕೆಮಿಕಲ್ ಚುಚ್ಚುವವರಿಗೆ ಈಗಲೇ ಫೋನ್ ಮಾಡಬೇಡಿ. ಇಂಗ್ಲೆಂಡ್‌ನ ಲಂಡನ್, ಬಾತ್, ಬ್ರಿಸ್ಟಲ್ ಕಡೆ ಇರುವ ನಮ್ಮವರು ಎಷ್ಟೋ ಜನ ಇಂಥ ಇನ್ನೂರು ವರ್ಷದ ಮನೆಗಳಲ್ಲಿ ಫ್ಲಾಟ್ ತಗೊಂಡಿದ್ದಾರೆ, ಬಾಡಿಗೆಗೂ ಇದ್ದಾರೆ. ಎತ್ತರದ ಕಿಟಕಿ, ಬಿಳಿ ಗಾರೆಯ ಮುಂಭಾಗ, ಕಬ್ಬಿಣದ ಕಂಬಿ ಬೇಲಿ ನೋಡಿ ಮನಸ್ಸು ಸೋಲುತ್ತದೆ. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಮಾತಾಡೋಕೆ ಶುರು ಮಾಡುತ್ತದೆ.

ಹಳೇ ಮನೆಗಳನ್ನು ನೋಡಿ ದೋಷ ಎಲ್ಲಿದೆ ಅಂತ ಹೇಳುವುದು ನನ್ನ ಕೆಲಸ. ಈ ಮನೆಗಳ ಬಗ್ಗೆ ನಾನು ಮೊದಲು ಹೇಳುವುದು ಒಂದೇ. ಕಲೆ ಕಂಡ ಜಾಗ ಬೇರೆ, ದೋಷ ಇರುವ ಜಾಗ ಬೇರೆ. ಸಾಲುಮನೆ ಅಂದರೆ ನಿಮ್ಮ ನಂಬರಿನ ಮನೆ ಮಾತ್ರ ಅಲ್ಲ, ಇಡೀ ಸಾಲು ಒಂದಕ್ಕೊಂದು ಆತುಕೊಂಡು ನಿಂತಿದೆ. ನೀರು ಮನೆ ನಂಬರ್ ನೋಡಿ ಹರಿಯುವುದಿಲ್ಲ. ಹಾಗಾಗಿ ನಿಮ್ಮ ಕೋಣೆಯ ಕಲೆಗೆ ಕಾರಣ ಪಕ್ಕದ ಮನೆಯ ಛಾವಣಿಯಲ್ಲಿ ಇರಬಹುದು. ಅದನ್ನು ನೋಡದೆ ನಿಮ್ಮ ಗೋಡೆಗೆ ಎಷ್ಟು ದುಡ್ಡು ಸುರಿದರೂ ಅದು ನೀರಿಗೆ ಹಾಕಿದ ಹಾಗೆ.

ಮೊದಲು ಮನೆ ಹೇಗೆ ಕಟ್ಟಿದ್ದಾರೆ ಅಂತ ಗೊತ್ತಿರಲಿ

1714ರಿಂದ 1830ರವರೆಗೆ ಬ್ರಿಟನ್‌ನಲ್ಲಿ ನಾಲ್ಕು ಜಾರ್ಜ್ ದೊರೆಗಳು ಒಬ್ಬರಾದ ಮೇಲೆ ಒಬ್ಬರು ಆಳಿದರು. ಆ ಕಾಲದ ಮನೆಗಳು ಇವು, ಅದಕ್ಕೇ ಜಾರ್ಜಿಯನ್ ಅನ್ನುತ್ತಾರೆ. ಇವತ್ತಿನ ಲೇಔಟ್ ಬಿಲ್ಡರ್‌ಗಳ ವ್ಯಾಪಾರವೇ ಅವತ್ತೂ ಇತ್ತು. ಜಮೀನ್ದಾರ ಜಾಗವನ್ನು ಲೀಸ್‌ಗೆ ಕೊಡುತ್ತಿದ್ದ. ಮೇಸ್ತ್ರಿಗಳು, ಬಡಗಿಗಳು ಎರಡು ಮೂರು ಸೈಟು ಹಿಡಿದು, ಸಾಲ ಮಾಡಿ, ಬೇಗ ಕಟ್ಟಿ, ಬೇಗ ಮಾರುತ್ತಿದ್ದರು. ಮುಂಭಾಗ ಹೇಗಿರಬೇಕು ಅಂತ ಜಮೀನ್ದಾರನ ಕರಾರು ಇರುತ್ತಿತ್ತು, ಹಿಂದೆ ಹೇಗಿದ್ದರೂ ನಡೆಯುತ್ತಿತ್ತು. ಬಾತ್‌ನ ರಾಯಲ್ ಕ್ರೆಸೆಂಟ್ ನೋಡಿ. ಕಿರಿಯ ಜಾನ್ ವುಡ್ 1767ರಿಂದ 1774ರವರೆಗೆ ಕಟ್ಟಿಸಿದ್ದು, 30 ಮನೆ, ಎದುರಿಗೆ 114 ಕಂಬ, ಅರ್ಧಚಂದ್ರದ ಹಾಗೆ ಬಾಗಿದ ಒಂದೇ ಅರಮನೆ ಅನ್ನಿಸುತ್ತದೆ. ಹಿಂದಿನ ಬೀದಿಗೆ ಹೋಗಿ ನಿಂತರೆ ಒಂದು ಮನೆಯ ಎತ್ತರ ಇನ್ನೊಂದಕ್ಕಿಲ್ಲ, ಒಂದರ ಕಿಟಕಿ ಇನ್ನೊಂದರ ಸಾಲಿಗೆ ಬರುವುದಿಲ್ಲ. ಯಾಕೆಂದರೆ ಕೊಂಡವರು ಮುಂಭಾಗದ ಇಷ್ಟು ಅಗಲ ಅಂತ ತಗೊಂಡು, ಹಿಂದಿನ ಮನೆಯನ್ನು ತಮಗೆ ಬೇಕಾದ ಹಾಗೆ ಕಟ್ಟಿಸಿಕೊಂಡರು.

ದೋಷ ಹುಡುಕುವವರಿಗೆ ಇದು ಬರೀ ಚರಿತ್ರೆ ಅಲ್ಲ. ಮುಂಭಾಗ ಚೆಂದ ಇದೆ ಅಂದ ಮಾತ್ರಕ್ಕೆ ಹಿಂದಿನದೂ ಗಟ್ಟಿ ಅಂತ ತಿಳಿಯಬಾರದು. ಮುಂದಿನ ಗೋಡೆಗೂ ಮನೆಗೂ ಎಷ್ಟು ಹಿಡಿತ ಇದೆ ಅನ್ನುವುದೇ ಈ ಮನೆಗಳ ದೊಡ್ಡ ಪ್ರಶ್ನೆ.

ಇನ್ನೊಂದು ವಿಷಯ ಗಾರೆ. ಇಡೀ ಮನೆ ಸುಣ್ಣದ ಗಾರೆಯಲ್ಲಿ ನಿಂತಿದೆ, ಸಿಮೆಂಟ್ ಇಲ್ಲ. ನಮ್ಮ ಕಡೆ ತೊಟ್ಟಿ ಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆ ಮಳೆಯಲ್ಲಿ ಸ್ವಲ್ಪ ನೀರು ಕುಡಿಯುತ್ತದೆ, ಬಿಸಿಲು ಗಾಳಿಗೆ ಅದನ್ನು ಬಿಡುತ್ತದೆ. ಈ ಕುಡಿಯುವುದು, ಬಿಡುವುದು ನಡೆಯುತ್ತಿರುವವರೆಗೆ ಗೋಡೆ ಆರೋಗ್ಯವಾಗಿರುತ್ತದೆ. ಅದನ್ನು ತಡೆದ ದಿನದಿಂದ ತೊಂದರೆ ಶುರು.

ಮೇಲಿನ ಮಹಡಿಯಲ್ಲಿ ಕಲೆ

ನನಗೆ ಜಾಸ್ತಿ ಬರುವ ದೂರು ಇದೇ. ಅದಕ್ಕೇ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಬೀದಿಯಲ್ಲಿ ನಿಂತು ಮೇಲೆ ನೋಡಿ. ಛಾವಣಿ ಕಾಣುವುದೇ ಇಲ್ಲ, ಅಲ್ವಾ? ಮುಂದಿನ ಗೋಡೆಯೇ ಮೇಲಕ್ಕೆ ಎದ್ದು ಕೈಪಿಡಿ ಗೋಡೆಯಾಗಿ (ಪ್ಯಾರಪೆಟ್) ನಿಂತಿದೆ, ಛಾವಣಿ ಅದರ ಹಿಂದೆ ಅಡಗಿದೆ. ಇದಕ್ಕೆ ಫ್ಯಾಷನ್ ಒಂದೇ ಕಾರಣ ಅಲ್ಲ. 1666ರ ಬೆಂಕಿಯಲ್ಲಿ ಲಂಡನ್ ಸುಟ್ಟುಹೋದ ನೆನಪು ಇನ್ನೂ ಇತ್ತು, ಹಾಗಾಗಿ 1707ರ ಕಾನೂನು ಲಂಡನ್‌ನಲ್ಲಿ ಸೂರಿನ ಕೆಳಗೆ ಮರದ ಅಂಚು ಕಟ್ಟುವುದನ್ನು ನಿಲ್ಲಿಸಿತು. ಇಟ್ಟಿಗೆಯ ಕೈಪಿಡಿ ಗೋಡೆ ಬಂತು. ಬೆಂಕಿಗೆ ಅದು ಒಳ್ಳೆಯದೇ. ಆದರೆ ಸೂರಿನಿಂದ ನೇರ ಬೀದಿಗೆ ಬೀಳುತ್ತಿದ್ದ ಮಳೆನೀರು ಈಗ ಗೋಡೆಯ ಹಿಂದೆ, ನಿಮ್ಮ ಮಲಗುವ ಕೋಣೆಯ ನೆತ್ತಿಯ ಮೇಲೆ, ಸೀಸದ ಹಾಳೆ ಹಾಸಿದ ಗಟರ್‌ನಲ್ಲಿ ನಿಲ್ಲುವಂತಾಯಿತು. ಆ ಗಟರ್ ಸೋರಿದರೆ ನೀರು ಹೊರಗೆ ಬೀಳುವುದಿಲ್ಲ, ಒಳಗೇ ಬೀಳುತ್ತದೆ.

ಲಂಡನ್‌ನ ಎಷ್ಟೋ ಮನೆಗಳಲ್ಲಿ ಛಾವಣಿ ಇನ್ನೂ ವಿಚಿತ್ರ. ಎರಡೂ ಪಕ್ಕದ ನಡುಗೋಡೆಗಳಿಂದ, ಅಂದರೆ ನಿಮಗೂ ಪಕ್ಕದ ಮನೆಗೂ ಸೇರಿದ ಗೋಡೆಗಳಿಂದ, ಸ್ಲೇಟ್ ಕಲ್ಲಿನ ಇಳಿಜಾರುಗಳು ಕೆಳಕ್ಕೆ ಬಂದು, ಮನೆಯ ಮಧ್ಯದಲ್ಲಿ ಸೇರುತ್ತವೆ. ಚಿಟ್ಟೆ ರೆಕ್ಕೆ ಎತ್ತಿದ ಹಾಗೆ. ಆ ಮಧ್ಯದ ಕಣಿವೆಯಲ್ಲಿ ಮುಂದಿನಿಂದ ಹಿಂದಕ್ಕೆ ಒಂದು ಗಟರ್, ಅದರ ತುದಿಯಲ್ಲಿ ಒಂದು ಪೈಪ್. ಇಡೀ ಛಾವಣಿಯ ನೀರಿಗೆ ಅದೊಂದೇ ದಾರಿ. ಒಂದು ಸತ್ತ ಪಾರಿವಾಳ ಸಾಕು ಅದು ಕಟ್ಟಿಕೊಳ್ಳೋಕೆ.

ಹುಡುಕುವ ಕ್ರಮ ಹೀಗೆ. ಮೊದಲು ಕಲೆಯ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಮಳೆ ಬಂದ ಮರುದಿನ ಕಲೆ ಗೆರೆ ದಾಟಿದ್ದರೆ ಅದು ಛಾವಣಿಯ ನೀರು. ಮಳೆ ಇಲ್ಲದ ವಾರದಲ್ಲೂ ದಾಟಿದ್ದರೆ ನೀರಿನ ಪೈಪ್, ಹೀಟಿಂಗ್ ಪೈಪ್ ಕಡೆ ನೋಡಿ. ಚಳಿಗಾಲದಲ್ಲಿ ಮಾತ್ರ, ಅದೂ ಮೂಲೆಯಲ್ಲಿ ಕಪ್ಪು ಬೂಸ್ಟು ಚುಕ್ಕೆಗಳ ಜೊತೆ ಬಂದರೆ ಅದು ನಿಮ್ಮದೇ ಕೋಣೆಯ ಹಬೆ, ಅದರ ಬಗ್ಗೆ ಕೆಳಗೆ ಹೇಳುತ್ತೇನೆ.

ಆಮೇಲೆ ಮೇಲೆ ಹತ್ತಿಸಿ. ನೀವೇ ಹತ್ತಬೇಡಿ, ಸೀಸದ ಕೆಲಸ ಗೊತ್ತಿರುವ ಛಾವಣಿ ಕೆಲಸದವರನ್ನು ಕರೆಸಿ, ಹತ್ತಿರದಿಂದ ಫೋಟೊ ಕೇಳಿ. ಗಟರ್‌ನ ಫೋಟೊದಲ್ಲಿ ಏನು ನೋಡಬೇಕು? ಸೀಸದ ಹಾಳೆ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. 3 ಮೀಟರ್ ಉದ್ದದ ಹಾಳೆ 50 ಡಿಗ್ರಿ ವ್ಯತ್ಯಾಸಕ್ಕೆ 4 ಮಿಲಿಮೀಟರ್‌ಗಿಂತ ಜಾಸ್ತಿ ಓಡಾಡುತ್ತದೆ. ಹಾಳೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಮಧ್ಯೆ ಮಧ್ಯೆ ಮೆಟ್ಟಿಲು ಕೊಟ್ಟು ಹಾಸಿದ್ದರೆ ಆ ಓಟಕ್ಕೆ ಜಾಗ ಇರುತ್ತದೆ. ದುಡ್ಡು ಉಳಿಸೋಕೆ ಉದ್ದುದ್ದ ಹಾಳೆ ಹಾಸಿ ಎರಡೂ ಕಡೆ ಮೊಳೆ ಹೊಡೆದಿದ್ದರೆ ಅದು ಮಧ್ಯದಲ್ಲಿ ಸುಕ್ಕುಗಟ್ಟಿ, ಆ ಸುಕ್ಕಿನ ನೆತ್ತಿಯಲ್ಲೇ ಸೀಳುತ್ತದೆ. ಆ ಸೀಳು ಕೂದಲೆಳೆಯಷ್ಟಿರುತ್ತದೆ. ಒಣಗಿದ್ದಾಗ ಕಣ್ಣಿಗೆ ಬೀಳುವುದೇ ಇಲ್ಲ. ಅದರ ಮೇಲೆ ಯಾರೋ ಕಪ್ಪು ಡಾಂಬರು ಬಳಿದಿದ್ದರೆ ಇನ್ನೂ ಕಷ್ಟ, ಡಾಂಬರು ಎರಡು ಮೂರು ಬೇಸಿಗೆಗೆ ಬಿರಿದು, ಬಿರುಕಿನೊಳಗೆ ಹೋದ ನೀರನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ.

ಉತ್ತರ ಲಂಡನ್‌ನ ಒಂದು ಮನೆ ನೆನಪಾಗುತ್ತದೆ. ಮೂರನೇ ಮಹಡಿಯಲ್ಲಿ, ನಡುಗೋಡೆಯ ಮೇಲೆ, ಚಿಮಣಿಯಿಂದ ಒಂದು ಮಾರು ದೂರದಲ್ಲಿ ಕಲೆ. ಮನೆಯವರು ಆಗಲೇ ಒಂದು ಸಲ ಚಿಮಣಿ ರಿಪೇರಿ ಮಾಡಿಸಿದ್ದರು, ಒಂದು ಸಲ ಗಟರ್‌ನ ಸೀಸ ಪೂರ್ತಿ ಬದಲಿಸಿದ್ದರು. ಕಲೆ ಹೋಗಲಿಲ್ಲ. ಮೇಲೆ ಹೋದರೆ ಅವರ ಛಾವಣಿ ನಿಜವಾಗಿ ಚೆನ್ನಾಗಿತ್ತು, ಸ್ಲೇಟ್ ಒಂದೂ ಜಾರಿರಲಿಲ್ಲ. ನಡುಗೋಡೆಯ ಆ ಕಡೆ ಬಗ್ಗಿ ನೋಡಿದೆ. ಪಕ್ಕದ ಮನೆಯ ಇಳಿಜಾರು ನಡುಗೋಡೆಗೆ ತಾಗುವ ಜಾಗದಲ್ಲಿ ಸೀಸದ ಪಟ್ಟಿ ಇರಬೇಕಾದ ಕಡೆ ಸಿಮೆಂಟ್ ಮೆತ್ತಿದ್ದರು. ಸಿಮೆಂಟ್ ಗೋಡೆಯಿಂದ ಬಿಟ್ಟುಕೊಂಡು ಬೆರಳು ತೂರುವಷ್ಟು ಸಂದಿಯಾಗಿತ್ತು, ಸಂದಿಯಲ್ಲಿ ಪಾಚಿ. ಮಳೆ ಬಂದಾಗಲೆಲ್ಲ ಆ ಇಳಿಜಾರಿನ ನೀರು ನೇರ ನಡುಗೋಡೆಯ ಹೊಟ್ಟೆಗೆ ಹೋಗಿ, ಇಟ್ಟಿಗೆಯೊಳಗೇ ಇಳಿದು, ಈ ಕಡೆಯ ಮನೆಯಲ್ಲಿ ಹೊರಬರುತ್ತಿತ್ತು. ಪಕ್ಕದ ಮನೆಯವರಿಗೆ ಒಂದು ಹನಿಯೂ ಕಂಡಿರಲಿಲ್ಲ, ಅವರ ಕಡೆ ಆ ಗೋಡೆಗೆ ಬೀರು ಒರಗಿಸಿದ್ದರು. ಎರಡೂ ಮನೆಯವರು ಒಟ್ಟಿಗೆ ಕೂತು ಮಾತಾಡಿದ ಮೇಲೆ ಕೆಲಸ ಮುಗಿಯಿತು. ಗೋಡೆ ಪೂರ್ತಿ ಒಣಗೋಕೆ ಮುಂದಿನ ಬೇಸಿಗೆಯವರೆಗೂ ಹಿಡಿಯಿತು. ಅಲ್ಲಿಯವರೆಗೆ ಪೇಂಟ್ ಮುಟ್ಟಬೇಡಿ ಅಂತ ನಾನು ಪದೇ ಪದೇ ಹೇಳಬೇಕಾಯಿತು.

ಹಾಗಾಗಿ ಛಾವಣಿ ನೋಡುವವರಿಗೆ ಮೂರು ಮನೆಯ ಫೋಟೊ ತೆಗೆಯೋಕೆ ಹೇಳಿ. ನಿಮ್ಮದು, ಎಡದ್ದು, ಬಲದ್ದು.

ಗಟರ್ ಕೆಳಗಿನ ಮರ: ಇದನ್ನು ಬಿಟ್ಟುಬಿಡಬೇಡಿ

ಗಟರ್ ಬಹಳ ದಿನ ಸೋರಿದೆ ಅಂತ ಗೊತ್ತಾದರೆ ಮುಂದಿನ ಪ್ರಶ್ನೆ: ಅದರ ಕೆಳಗಿನ ತೊಲೆ, ಜಂತೆಗಳ ತುದಿ ಹೇಗಿದೆ? ತುದಿಗಳು ಗೋಡೆಯೊಳಗೆ ಹುದುಗಿವೆ, ಒದ್ದೆ ಇಟ್ಟಿಗೆಯಲ್ಲೇ ಕೂತಿವೆ. ಮರದ ತೇವ ಶೇಕಡಾ 20 ದಾಟಿ ಹಾಗೇ ಉಳಿದರೆ ಕೊಳೆ ಹಿಡಿಯುತ್ತದೆ. ಅದರಲ್ಲಿ ಕೆಟ್ಟದ್ದು ಡ್ರೈ ರಾಟ್ ಅನ್ನುವ ಶಿಲೀಂಧ್ರ. ಹಿಮಾಲಯದ ಕಾಡಿನಲ್ಲಿ ಬಿದ್ದ ಮರದ ಮೇಲೆ ಸಹಜವಾಗಿ ಬೆಳೆಯುವ ಜಾತಿಯೇ ಇಲ್ಲಿ ಮನೆ ಹಾಳು ಮಾಡುತ್ತದೆ. ಇದು ಇಟ್ಟಿಗೆ ಗೋಡೆಯ ಸಂದಿಯಲ್ಲೂ ತೂರಿ ಮುಂದಿನ ಮರಕ್ಕೆ ಹೋಗಬಲ್ಲದು, ನಡುಗೋಡೆ ಅದಕ್ಕೆ ಅಡ್ಡಿಯೇ ಅಲ್ಲ.

ಗುರುತು: ಅಣಬೆ ವಾಸನೆ. ಕಿಟಕಿ ಹಲಗೆ ಮೇಲೆ ಎಷ್ಟು ಒರೆಸಿದರೂ ಮತ್ತೆ ಕೂರುವ ಇಟ್ಟಿಗೆ ಬಣ್ಣದ ಪುಡಿ. ಮರ ಅಡ್ಡ ಉದ್ದ ಬಿರಿದು ಚೌಕ ಚೌಕ ತುಂಡಾಗಿರುವುದು. ಚಾಕುವಿನ ಮೊನೆ ಒತ್ತಿ ನೋಡಿ, ಒಳ್ಳೇ ಮರದಲ್ಲಿ ನಿಲ್ಲುತ್ತದೆ, ಕೊಳೆತದ್ದರಲ್ಲಿ ಸುಮ್ನೆ ಇಳಿದುಹೋಗುತ್ತದೆ.

ಇಲ್ಲಿ ಹೆದರಿಸಿ ದುಡ್ಡು ಕೀಳುವವರು ಜಾಸ್ತಿ. ಇಡೀ ಮಹಡಿಯ ಮರ ಕಿತ್ತು, ಗೋಡೆಗೆಲ್ಲ ವಿಷ ಹೊಡೆಯಬೇಕು ಅನ್ನುತ್ತಾರೆ. ನನ್ನ ಮಾತು ಕೇಳಿ. ನೀರು ನಿಲ್ಲಿಸಿದರೆ, ಗಾಳಿ ಆಡಿಸಿದರೆ, ಮರ ಒಣಗಿದರೆ ಶಿಲೀಂಧ್ರಕ್ಕೆ ಬದುಕೋಕೆ ಆಗುವುದಿಲ್ಲ. ಬಲ ಕಳೆದುಕೊಂಡ ತುದಿಯನ್ನು ಮಾತ್ರ ಕತ್ತರಿಸಿ ಹೊಸ ಮರ ಜೋಡಿಸಿದರೆ ಸಾಕಾಗುವ ಮನೆಗಳು ಬೇಕಾದಷ್ಟಿವೆ. ವಿಷ ಮಾರುವವರು ಅಲ್ಲದ, ಕಟ್ಟಡ ಪರೀಕ್ಷಿಸುವ ಒಬ್ಬ ಸರ್ವೆಯರ್ ಹತ್ತಿರ ಮೊದಲು ತೋರಿಸಿ.

ಮುಂದಿನ ಗೋಡೆ ಉಬ್ಬಿದೆ

ಬೀದಿಯ ಒಂದು ತುದಿಯಲ್ಲಿ, ಗೋಡೆಗೆ ಕೆನ್ನೆ ತಾಗಿಸುವಷ್ಟು ಹತ್ತಿರ ನಿಂತು ಉದ್ದಕ್ಕೆ ನೋಡಿ. ಸಾಲಿನಲ್ಲಿ ಒಂದೊಂದು ಮನೆಯ ಹೊಟ್ಟೆ ಮುಂದೆ ಬಂದಿರುವುದು ಕಾಣುತ್ತದೆ. ಎಷ್ಟೋ ಉಬ್ಬು ನೂರು ವರ್ಷದಿಂದ ಹಾಗೇ ಇವೆ, ಅವುಗಳಿಂದ ಭಯವಿಲ್ಲ. ಇನ್ನೂ ಚಲಿಸುತ್ತಿರುವುದು ಯಾವುದು ಅಂತ ತಿಳಿಯುವುದೇ ಕೆಲಸ.

ಉಬ್ಬೋದು ಯಾಕೆ? ಇಲ್ಲೇ ಆ ಕಾಲದ ಬಿಲ್ಡರ್‌ಗಳ ಕೈಚಳಕ ಇರುವುದು. ಬೀದಿಗೆ ಕಾಣುವ ಅರ್ಧ ಇಟ್ಟಿಗೆ ದಪ್ಪದ ಪದರಕ್ಕೆ ಒಳ್ಳೇ ಇಟ್ಟಿಗೆ, ತೆಳು ಗಾರೆ. ಅದರ ಹಿಂದೆ ಸರಿಯಾಗಿ ಬೇಯದ ಅಗ್ಗದ ಇಟ್ಟಿಗೆ, ದಪ್ಪ ಗಾರೆ. ಗಾರೆಯ ದಪ್ಪ ಬೇರೆ ಬೇರೆ ಇರುವುದರಿಂದ ಎರಡರ ವರಸೆಗಳು ಸಮಕ್ಕೆ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಇಟ್ಟಿಗೆಯ ತಲೆ (ಗಿಡ್ಡ ಬದಿ) ಕಾಣುತ್ತದೆ, ಅಂದರೆ ಅದು ಒಳಗೋಡೆಯೊಳಗೆ ಹೋಗಿ ಎರಡನ್ನೂ ಹಿಡಿದಿದೆ ಅಂದುಕೊಳ್ಳುತ್ತೇವೆ. ಬಹಳ ಕಡೆ ಅದು ಅರ್ಧಕ್ಕೆ ಮುರಿದು ಇಟ್ಟ ತುಂಡು, ಏನನ್ನೂ ಹಿಡಿದಿಲ್ಲ. ಒಂದೇ ಗೋಡೆ ಅಂತ ನಾವು ತಿಳಿದದ್ದು ನಿಜಕ್ಕೂ ಅಕ್ಕಪಕ್ಕ ನಿಂತ ಎರಡು ಗೋಡೆ. ಒಳಗಿನದು ಭಾರಕ್ಕೆ ಕುಸಿಯುತ್ತದೆ, ಹೊರಗಿನದು ಅಷ್ಟು ಕುಸಿಯುವುದಿಲ್ಲ, ಹಾಗಾಗಿ ಅದು ಹೊರಕ್ಕೆ ಬಾಗುತ್ತದೆ.

ಇದರ ಜೊತೆಗೆ ಒಳಗೋಡೆಯಲ್ಲಿ ಉದ್ದಕ್ಕೆ ಮರದ ಪಟ್ಟಿಗಳನ್ನು ಹುದುಗಿಸುತ್ತಿದ್ದರು. ಹಸಿ ಗಾರೆ ಗಟ್ಟಿಯಾಗುವವರೆಗೆ ಗೋಡೆಯನ್ನು ನೆಟ್ಟಗೆ ಹಿಡಿಯೋಕೆ, ಆಮೇಲೆ ಮೊಳೆ ಹೊಡೆಯೋಕೆ ಅದು ಅನುಕೂಲ. ಇನ್ನೂರು ವರ್ಷದ ಮೇಲೆ ಅದು ಕೊಳೆತು ಪುಡಿಯಾಗಿ, ಗೋಡೆಯೊಳಗೆ ಅಡ್ಡಕ್ಕೆ ಒಂದು ಖಾಲಿ ಜಾಗ ಉಳಿಯುತ್ತದೆ. ಅದರ ಮೇಲಿನ ಇಟ್ಟಿಗೆ ಕೆಳಗೆ ಕೂರುತ್ತದೆ.

ಮೂರನೆಯ ಕಾರಣ ಮೂಲೆಗಳು. ಎಷ್ಟೋ ಕಡೆ ನಡುಗೋಡೆಗಳನ್ನು ಮೊದಲು ಎಬ್ಬಿಸಿ ಮುಂಭಾಗವನ್ನು ಆಮೇಲೆ ಸೇರಿಸಿದ್ದಾರೆ, ಇಟ್ಟಿಗೆಯನ್ನು ಒಂದರೊಳಗೊಂದು ಹೆಣೆದಿಲ್ಲ. ಜಂತೆಗಳು ನಡುಗೋಡೆಯಿಂದ ನಡುಗೋಡೆಗೆ ಹಾಸಿದ್ದರೆ ಮುಂದಿನ ಗೋಡೆಯನ್ನು ಹಿಂದಕ್ಕೆ ಎಳೆದು ಹಿಡಿಯುವವರು ಯಾರೂ ಇಲ್ಲ.

ಪರೀಕ್ಷೆ ಮಾಡೋದು ಹೀಗೆ. ಹೊರಗೆ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೇಳಿ, ಪದರ ಬಿಟ್ಟುಕೊಂಡ ಜಾಗದಲ್ಲಿ ಪೊಳ್ಳು ಸದ್ದು ಬರುತ್ತದೆ. ಮೇಲಿನ ಕಿಟಕಿಯಿಂದ ತೂಗುಗುಂಡು ಬಿಟ್ಟು ಪ್ರತಿ ಮಹಡಿಯ ಎತ್ತರದಲ್ಲೂ ಗೋಡೆಗೂ ದಾರಕ್ಕೂ ಎಷ್ಟು ಅಂತರ ಅಂತ ಬರೆದುಕೊಳ್ಳಿ. ಒಳಗೆ ಬಂದು ಮುಂದಿನ ಗೋಡೆಯ ಬುಡದಲ್ಲಿ ನೆಲದ ಹಲಗೆಗೂ ಸ್ಕರ್ಟಿಂಗ್‌ಗೂ ನಡುವೆ ಸಂದಿ ಇದೆಯಾ ನೋಡಿ. ಮುಂದಿನ ಗೋಡೆ ನಡುಗೋಡೆಗೆ ಸೇರುವ ಮೂಲೆಯಲ್ಲಿ ನೇರ ಬಿರುಕು, ಅದೂ ಮೇಲಕ್ಕೆ ಹೋದಂತೆ ಅಗಲವಾಗುತ್ತಿದ್ದರೆ, ಗೋಡೆ ಮನೆಯಿಂದ ಬಿಟ್ಟುಕೊಂಡು ಮುಂದಕ್ಕೆ ಬರುತ್ತಿದೆ ಅಂತ ಅರ್ಥ. ಆಗ ತಡ ಮಾಡಬೇಡಿ, ಹಳೇ ಕಟ್ಟಡ ಗೊತ್ತಿರುವ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಸ್ಟೇನ್‌ಲೆಸ್ ಸ್ಟೀಲ್ ಸರಳುಗಳಿಂದ ಎರಡು ಪದರಗಳನ್ನು ಹೊಲಿದು, ಗೋಡೆಯನ್ನು ಜಂತೆಗೆ, ನಡುಗೋಡೆಗೆ ಕಟ್ಟುವ ಕೆಲಸ ಇವತ್ತು ಬಹುತೇಕ ಮುಂಭಾಗ ಬಿಚ್ಚದೆ ಮಾಡಬಹುದು. ಪಕ್ಕದ ಮನೆಗಳ ಮುಂಭಾಗದಲ್ಲಿ ಹಳೇ ಕಬ್ಬಿಣದ ದುಂಡು ಬಿಲ್ಲೆಗಳು ಕಂಡರೆ ಗಮನಿಸಿ, ಈ ಸಾಲಿಗೆ ಈ ರೋಗ ಹಿಂದೆಯೂ ಇತ್ತು, ಯಾರೋ ಆಗಲೇ ಸರಳು ಹಾಕಿ ಕಟ್ಟಿದ್ದಾರೆ.

ಕಿಟಕಿ ಮೇಲೆ ಬಿರುಕು

ಈ ಕಿಟಕಿಗಳ ಮೇಲೆ ಬೆಣೆಯಂತೆ ಉಜ್ಜಿದ ಇಟ್ಟಿಗೆಗಳ ಚಪ್ಪಟೆ ಕಮಾನು ಇರುತ್ತದೆ. ಅದು ಹೊರಗಿನ ಅರ್ಧ ಇಟ್ಟಿಗೆ ಮಾತ್ರ. ಒಳಗಿನ ಭಾರವನ್ನೆಲ್ಲ ಹೊತ್ತಿರುವುದು ಅದರ ಹಿಂದಿನ ಮರದ ಲಿಂಟಲ್. ಲಿಂಟಲ್ ಕೊಳೆತು ಬಾಗಿದರೆ ಕಮಾನಿನ ನಡುವಿನ ಇಟ್ಟಿಗೆ ಕೆಳಗೆ ಜಾರುತ್ತದೆ, ಮೇಲೆ ಬಿರುಕು ಹೋಗುತ್ತದೆ. ಹೊರಗೆ ಬಿರುಕು ತುಂಬಿಸಿ ಪ್ರಯೋಜನ ಇಲ್ಲ, ಒಳಗಿನಿಂದ ಪ್ಲಾಸ್ಟರ್ ಸ್ವಲ್ಪ ತೆಗೆದು ಮರಕ್ಕೆ ಚಾಕು ಹಾಕಿ ನೋಡಬೇಕು.

ಲಂಡನ್‌ನಲ್ಲಿ 1774ರ ಕಟ್ಟಡ ಕಾನೂನಿನ ನಂತರ ಕಟ್ಟಿದ ಮನೆಗಳಲ್ಲಿ ಕಿಟಕಿಯ ಮರದ ಪೆಟ್ಟಿಗೆ ಹೊರಗಿನ ಇಟ್ಟಿಗೆಯ ಹಿಂದೆ ಅಡಗಿರುತ್ತದೆ. ಇದೂ ಬೆಂಕಿಯ ಭಯಕ್ಕೇ. ಕಿಟಕಿ ಮೇಲೆ ಕೆಳಗೆ ಸರಿಯೋಕೆ ಬೇಕಾದ ಹಗ್ಗ, ತೂಕದ ಗುಂಡು ಆ ಪೆಟ್ಟಿಗೆಯೊಳಗಿವೆ. ಪೆಟ್ಟಿಗೆಯ ಬುಡ ಕೊಳೆತರೂ ಬೀದಿಯಿಂದ ಕಾಣುವುದಿಲ್ಲ. ಕಿಟಕಿ ಬಿಗಿಯಾಗಿದ್ದರೆ ಹತ್ತರಲ್ಲಿ ಎಂಟು ಪಾಲು ಹಳೇ ಪೇಂಟ್ ಪದರ ಅಥವಾ ಹರಿದ ಹಗ್ಗವೇ ಕಾರಣ ಅನ್ನುವುದು ನನ್ನ ಅನುಭವ. ಅದಕ್ಕೆ ಕಿಟಕಿ ಕಿತ್ತು ಪ್ಲಾಸ್ಟಿಕ್ ಹಾಕಿಸುವುದು ಪಾಪದ ಕೆಲಸ, ಆ ಮರ ಇವತ್ತು ದುಡ್ಡು ಕೊಟ್ಟರೂ ಸಿಗುವುದು ಕಷ್ಟ.

ಬಿರುಕು ಹೊಸದೋ ಹಳೆಯದೋ ಅಂತ ಗೊತ್ತಾಗೋದು ಸುಲಭ. ಟಾರ್ಚ್ ಬಿಟ್ಟು ಒಳಗೆ ನೋಡಿ. ಒಳಗೆ ಧೂಳು, ಪೇಂಟ್, ಜೇಡರ ಬಲೆ ಇದ್ದರೆ ಹಳೆಯದು. ಅಂಚು ಚೂಪಾಗಿ, ಒಳಗೆ ತಾಜಾ ಬಣ್ಣ ಇದ್ದರೆ ಹೊಸದು. ಲಂಡನ್ ಕೆಳಗೆ ಜೇಡಿಮಣ್ಣು, ಈ ಮನೆಗಳ ಪಾಯ ಮೇಲುಮೇಲೆಯೇ ಇರುತ್ತದೆ. ಒಣ ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಬಿರುಕು ತೆರೆದುಕೊಂಡು ಚಳಿಗಾಲದ ಮಳೆಗೆ ಮುಚ್ಚಿಕೊಳ್ಳುವುದಿದೆ. ಅದಕ್ಕೇ ಒಂದು ಪೂರ್ತಿ ವರ್ಷ ಅಳೆಯದೆ ಪಾಯ ಬಲಪಡಿಸುವ ದುಬಾರಿ ಕೆಲಸಕ್ಕೆ ಕೈ ಹಾಕಬೇಡಿ.

ನೆಲಮಾಳಿಗೆ ಒದ್ದೆ

ನಮ್ಮ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಸಿಗೋದು ಬಹುಪಾಲು ಇದೇ. ಮೊದಲು ಒಂದು ವಿಷಯ ತಿಳಿಯಿರಿ. ಎಷ್ಟೋ ಕಡೆ ನೆಲಮಾಳಿಗೆಗೆ ಪೂರ್ತಿ ಆಳ ತೋಡಿಲ್ಲ. ಸ್ವಲ್ಪ ತೋಡಿ, ಆ ಮಣ್ಣನ್ನು ಮುಂದೆ ಹಾಕಿ ರಸ್ತೆಯನ್ನೇ ಎತ್ತರಿಸಿದ್ದಾರೆ. ಅದಕ್ಕೇ ಮುಂದಿನಿಂದ ಮೆಟ್ಟಿಲಿಳಿದು ಹೋದರೂ ಹಿಂದೆ ತೋಟಕ್ಕೆ ಸಮವಾಗಿ ಹೊರಬರುತ್ತೀರಿ. ಫುಟ್‌ಪಾತ್ ಕೆಳಗೆ ಇಟ್ಟಿಗೆ ಕಮಾನಿನ ಕಲ್ಲಿದ್ದಲು ಗೂಡುಗಳಿವೆ. ಫುಟ್‌ಪಾತ್ ಮೇಲಿನ ದುಂಡು ಕಬ್ಬಿಣದ ಮುಚ್ಚಳ ತೆಗೆದು ಅಲ್ಲಿಂದಲೇ ಕಲ್ಲಿದ್ದಲು ಸುರಿಯುತ್ತಿದ್ದರು. ಆ ಗೂಡುಗಳು ಯಾವತ್ತೂ ಒಣಗಿರಲಿಲ್ಲ, ಒಣಗಿರಬೇಕು ಅಂತ ಯಾರೂ ಅಂದುಕೊಂಡೂ ಇರಲಿಲ್ಲ. ಅದನ್ನು ಮಲಗುವ ಕೋಣೆ ಮಾಡಿ ಬಾಡಿಗೆಗೆ ಕೊಟ್ಟಿದ್ದರೆ ಬೇಡ ಅನ್ನಿ.

ಇನ್ನು ಗೋಡೆಗೆ. ಯಾರೋ ಬಂದು ಎರಡು ಮುಳ್ಳಿನ ಮೀಟರ್ ಚುಚ್ಚಿ, ಕೆಂಪು ದೀಪ ತೋರಿಸಿ, ನೆಲದಿಂದ ಶೀತ ಏರುತ್ತಿದೆ ಅನ್ನುತ್ತಾರೆ. ಆ ಮೀಟರ್ ಮಾಡಿರುವುದು ಮರಕ್ಕೆ. ಅದು ಅಳೆಯುವುದು ನೀರನ್ನಲ್ಲ, ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದನ್ನು. ಹಳೇ ಪ್ಲಾಸ್ಟರ್‌ನಲ್ಲಿ ಉಪ್ಪು ಇದ್ದರೆ ಸ್ವಲ್ಪ ತೇವಕ್ಕೇ ಕೆಂಪು ದೀಪ ಹತ್ತುತ್ತದೆ. ಸರಿಯಾದ ಪರೀಕ್ಷೆ ಬೇಕಾದರೆ ಗೋಡೆಗೆ ರಂಧ್ರ ಕೊರೆದು, ಒಳಗಿನ ಪುಡಿಯನ್ನು ತೂಗಿ, ಕಾರ್ಬೈಡ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ಕುಲುಕಿ, ಹುಟ್ಟುವ ಅನಿಲದ ಒತ್ತಡದಿಂದ ನೀರಿನ ಪಾಲು ತಿಳಿಯಬೇಕು. ಹೊರಮೈ ಒದ್ದೆ, ಒಳಗೆ ಒಣ ಅಂತ ಬಂದರೆ ನೀರು ನೆಲದಿಂದ ಬಂದದ್ದಲ್ಲ.

ಮನೆಯಲ್ಲೇ ಮಾಡುವ ಪರೀಕ್ಷೆಯೂ ಇದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಒಂದು ತುಂಡನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಒಂದೆರಡು ದಿನ ಬಿಡಿ. ಕೋಣೆಯ ಕಡೆಯ ಮೈಮೇಲೆ ಹನಿ ಕೂತರೆ ಹಬೆ. ಗೋಡೆಯ ಕಡೆ ಒದ್ದೆಯಾದರೆ ನೀರು ಗೋಡೆಯೊಳಗಿದೆ. ಹಬೆಯ ಲೆಕ್ಕ ಇಷ್ಟು: ಕೋಣೆಯ ಗಾಳಿ 20 ಡಿಗ್ರಿ, ಅದರಲ್ಲಿ ತೇವ ಶೇಕಡಾ 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಗೋಡೆಯ ಮೇಲೆ ಹನಿ ಕೂರುತ್ತದೆ. ಮೂರು ಹೊತ್ತು ಅನ್ನ ಸಾರು ಕುದಿಸಿ, ಒಳಗೇ ಬಟ್ಟೆ ಒಣಹಾಕಿ, ಚಳಿಗೆ ಕಿಟಕಿ ಮುಚ್ಚಿಟ್ಟರೆ ಶೇಕಡಾ 60 ದಾಟೋಕೆ ಹೊತ್ತು ಬೇಡ. ಎಕ್ಸಾಸ್ಟ್ ಫ್ಯಾನ್ ಹಾಕಿ, ಬೆಳಗ್ಗೆ ಸ್ವಲ್ಪ ಹೊತ್ತು ಕಿಟಕಿ ತೆಗೆಯಿರಿ, ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ಈಚೆ ಇಡಿ. ಹಾಗಂತ ಎಲ್ಲದಕ್ಕೂ ಬಾಡಿಗೆದಾರರ ಅಡುಗೆಯೇ ಕಾರಣ ಅನ್ನುವ ಮಾಲೀಕರ ಮಾತನ್ನು ಒಪ್ಪಬೇಡಿ, ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ.

ನೀರು ಗೋಡೆಯೊಳಗಿದೆ ಅಂತಾದರೆ ಹೊರಗೆ ಹೋಗಿ. ಮಳೆನೀರಿನ ಪೈಪ್ ಒಡೆದಿದೆಯಾ? ಪೈಪ್‌ನ ಹಿಂಭಾಗಕ್ಕೆ ಕೈ ಹಾಕಿ ನೋಡಿ, ಎರಕದ ಕಬ್ಬಿಣದ ಪೈಪ್ ಪೇಂಟ್ ತಾಗದ ಹಿಂಬದಿಯಲ್ಲೇ ಸೀಳುತ್ತದೆ. ಹೊಸ ಕಲ್ಲು ಹಾಸಿ ಅಂಗಳ ಎತ್ತರಿಸಿದ್ದಾರಾ? ಚರಂಡಿ ಕಟ್ಟಿಕೊಂಡಿದೆಯಾ? ಆಮೇಲೆ ಗೋಡೆಯ ಸಂದಿ ನೋಡಿ. ಸುಣ್ಣದ ಗಾರೆ ಕೆತ್ತಿ ಗಟ್ಟಿ ಸಿಮೆಂಟ್ ತುಂಬಿದ್ದರೆ ನೀರಿಗೆ ಹೊರಬರೋಕೆ ಸಂದಿಯ ದಾರಿ ಇಲ್ಲ, ಇಟ್ಟಿಗೆಯ ಮೂಲಕವೇ ಬರುತ್ತದೆ, ಹಿಮ ಬಿದ್ದಾಗ ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಉದುರಿದ ಇಟ್ಟಿಗೆಯ ಸುತ್ತ ಸಿಮೆಂಟ್ ಮಾತ್ರ ಚೌಕಟ್ಟಿನ ಹಾಗೆ ಮುಂದೆ ನಿಂತಿರುವುದನ್ನು ನೀವು ನೋಡಿಯೇ ಇರುತ್ತೀರಿ. ಬಾತ್‌ನ ಮೆತ್ತನೆಯ ಜೇನು ಬಣ್ಣದ ಕಲ್ಲಿಗೂ ಇದೇ ಗತಿ. ಒಳಗೆ ಸಿಮೆಂಟ್ ಪ್ಲಾಸ್ಟರ್, ಪ್ಲಾಸ್ಟಿಕ್ ಪೇಂಟ್ ಇದ್ದರೆ ತೇವ ಇನ್ನೂ ಮೇಲಕ್ಕೆ ಏರುತ್ತದೆ. ಅದನ್ನು ತೆಗೆಸಿ ಸುಣ್ಣದ ಪ್ಲಾಸ್ಟರ್, ಸುಣ್ಣದ ಬಣ್ಣ ಮಾಡಿಸಿ. ಸುಣ್ಣದ ಕೆಲಸವನ್ನು 5 ಡಿಗ್ರಿಗಿಂತ ಕಡಿಮೆ ಇರುವ ದಿನಗಳಲ್ಲಿ ಮಾಡಿಸಬೇಡಿ, ಗಟ್ಟಿಯಾಗುವ ಮೊದಲೇ ಹಿಮಕ್ಕೆ ಹಾಳಾಗುತ್ತದೆ.

ಚಿಮಣಿ ಇರುವ ಗೋಡೆಯಲ್ಲಿ ಮಾತ್ರ ಹಳದಿ-ಕಂದು ಕಲೆ, ಅದೂ ಮಳೆ ಇಲ್ಲದಿದ್ದರೂ ಮೋಡದ ದಿನ ಒದ್ದೆ, ಬಿಸಿಲ ದಿನ ಒಣ ಅಂತಿದ್ದರೆ ಅದು ಹಳೇ ಮಸಿಯ ಉಪ್ಪು ಗಾಳಿಯ ತೇವ ಹೀರುವುದು. ಒಲೆಯ ಬಾಯಿ ಮುಚ್ಚಿದವರು ಗಾಳಿಗೆ ಜಾಲರಿ ಇಟ್ಟಿರುವುದಿಲ್ಲ. ಕೆಳಗೆ ಜಾಲರಿ, ಮೇಲೆ ಮಳೆ ಬೀಳದ ಮುಚ್ಚಳ ಹಾಕಿಸಿ. ಆ ಜಾಗದ ಪ್ಲಾಸ್ಟರ್ ಬದಲಿಸದೆ ಕಲೆ ಮಾತ್ರ ಹೋಗುವುದಿಲ್ಲ.

ನೆಲ ವಾಲಿದೆ, ಬಾಗಿಲು ಹಾಕೋಕೆ ಬರುವುದಿಲ್ಲ

ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ನಡುವೆ ಇರುವ ಗೋಡೆ ತಟ್ಟಿದರೆ ಡಬ ಡಬ ಅನ್ನುತ್ತದೆ. ಇಟ್ಟಿಗೆ ಅಲ್ಲ, ಮರದ ಚೌಕಟ್ಟು, ಓರೆ ತೊಲೆಗಳು, ಮೇಲೆ ರೀಪರ್ ಹೊಡೆದು ಪ್ಲಾಸ್ಟರ್. ಭಾರ ಹೊರದ ಗೋಡೆ ಅಂದುಕೊಂಡು ಅದರಲ್ಲಿ ಬಾಗಿಲು ಕೊರೆದ ಮನೆಗಳಿಗೆ ಲೆಕ್ಕ ಇಲ್ಲ. ಆ ಗೋಡೆ ಮೇಲಿನ ಮಹಡಿಗಳನ್ನು ಹೊತ್ತಿರುತ್ತದೆ. ಓರೆ ತೊಲೆ ಕತ್ತರಿಸಿದರೆ ಮೇಲಿನ ನೆಲ ಮಧ್ಯಕ್ಕೆ ಇಳಿಯುತ್ತದೆ.

ವಾಲಿದ ನೆಲವೆಲ್ಲ ಅಪಾಯ ಅಲ್ಲ. ಬಾಗಿಲಿನ ತಲೆಯನ್ನು ನೋಡಿ. ವಾಲಿದ ಚೌಕಟ್ಟಿಗೆ ಸರಿಯಾಗಿ ಬಾಗಿಲನ್ನೂ ಓರೆಯಾಗಿ ಕೀಸಿ ಕೂರಿಸಿದ್ದರೆ, ಆ ಕೀಸಿದ ಜಾಗದಲ್ಲಿ ಹಳೇ ಪೇಂಟ್ ಪದರಗಳಿದ್ದರೆ, ವಾಲಿದ್ದು ಎಂದೋ ಆಗಿ ನಿಂತಿದೆ. ಇತ್ತೀಚೆಗೆ ಬಾಗಿಲು ಸಿಕ್ಕಿಕೊಳ್ಳೋಕೆ ಶುರುವಾಗಿದ್ದರೆ, ಸ್ಕರ್ಟಿಂಗ್ ಕೆಳಗೆ ಹೊಸ ಸಂದಿ ಬಂದಿದ್ದರೆ, ಮೇಲೆ ಕೆಳಗೆ ಯಾರಾದರೂ ಅಡುಗೆಮನೆ, ಬಚ್ಚಲು ಕೆಲಸ ಮಾಡಿಸಿದ್ದಾರಾ ಅಂತ ವಿಚಾರಿಸಿ. ಫ್ಲಾಟ್ ಮಾಡಿದ ಮನೆಯಲ್ಲಿ ಒಬ್ಬರ ಪ್ಲಂಬರ್ ಜಂತೆ ಕೊರೆದದ್ದು ಇನ್ನೊಬ್ಬರ ಸೀಲಿಂಗ್‌ನಲ್ಲಿ ಕಾಣುತ್ತದೆ.

ಕೆಲಸ ಶುರು ಮಾಡುವ ಮೊದಲು

ಇಂಥ ಮನೆಗಳಲ್ಲಿ ಹೆಚ್ಚಿನವು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿವೆ. ಇಂಗ್ಲೆಂಡ್‌ನಲ್ಲಿ ಪಟ್ಟಿಯ ಕಟ್ಟಡದ ಸ್ವರೂಪ ಬದಲಾಗುವಂಥ ಕೆಲಸವನ್ನು ಕೌನ್ಸಿಲ್ ಅನುಮತಿ ಇಲ್ಲದೆ ಮಾಡಿದರೆ ಕ್ರಿಮಿನಲ್ ಅಪರಾಧ. ಒಳಗಿನ ಮೆಟ್ಟಿಲು, ಸೀಲಿಂಗ್‌ನ ಹೂಬಳ್ಳಿ, ಬಾಗಿಲು ಎಲ್ಲವೂ ಅದರಲ್ಲಿ ಸೇರುತ್ತವೆ. ಅರ್ಜಿಗೆ ಶುಲ್ಕ ಇಲ್ಲ, ಹಾಗಾಗಿ ಕೇಳಿಯೇ ಮಾಡಿ. ಹಿಂದಿನ ಮಾಲೀಕರು ಅನುಮತಿ ಇಲ್ಲದೆ ಮಾಡಿದ ಕೆಲಸವನ್ನು ಸರಿಪಡಿಸುವ ಹೊಣೆ ಈಗಿನ ಮಾಲೀಕರ ಮೇಲೆ ಬೀಳಬಹುದು, ಕೊಳ್ಳುವ ಮೊದಲೇ ವಕೀಲರಿಂದ ಕಾಗದ ಪರೀಕ್ಷೆ ಮಾಡಿಸಿ. ವಿಲಿಯಂ ಮಾರಿಸ್ 1877ರಲ್ಲಿ ಶುರು ಮಾಡಿದ ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘ ಮತ್ತು 1937ರಲ್ಲಿ ಹುಟ್ಟಿದ ಜಾರ್ಜಿಯನ್ ಗ್ರೂಪ್, ಇವೆರಡೂ ಇಂಥ ಮನೆಗಳ ಪರವಾಗಿ ಇವತ್ತಿಗೂ ಕೆಲಸ ಮಾಡುತ್ತಿವೆ.

ನಡುಗೋಡೆ ಮುಟ್ಟುವ ಕೆಲಸಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಪಾರ್ಟಿ ವಾಲ್ ಕಾನೂನಿನ ಪ್ರಕಾರ ಪಕ್ಕದವರಿಗೆ ಎರಡು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ನಿಮ್ಮ ಗೋಡೆ ರಿಪೇರಿಗೆ ಅವರ ಜಾಗದಿಂದಲೇ ಹೋಗಬೇಕಾಗಿ ಬಂದು ಅವರು ಬಿಡದಿದ್ದರೆ ಕೋರ್ಟ್ ಮೂಲಕ ಅವಕಾಶ ಪಡೆಯೋಕೆ 1992ರ ಇನ್ನೊಂದು ಕಾನೂನಿದೆ. ಅಷ್ಟು ದೂರ ಹೋಗದಿರುವುದೇ ಒಳ್ಳೆಯದು. ಸೆಪ್ಟೆಂಬರ್‌ನಲ್ಲಿ, ಎಲೆ ಉದುರುವ ಮುಂಚೆ, ಪಕ್ಕದ ಮನೆಯ ಬಾಗಿಲು ತಟ್ಟಿ, ಗಟರ್ ಶುಚಿ ಮಾಡೋಕೆ ಒಬ್ಬರನ್ನೇ ಕರೆಸಿ ಖರ್ಚು ಹಂಚಿಕೊಳ್ಳೋಣ ಅಂತ ಕೇಳಿ. ನವೆಂಬರ್ ಕೊನೆಗೆ, ಎಲೆಯೆಲ್ಲ ಉದುರಿದ ಮೇಲೆ, ಅದೇ ಕೆಲಸ ಇನ್ನೊಂದು ಸಲ ಮಾಡಿಸಿ.